ಕಂಡೆನ್ಸರ್ ನುಂಗಿದ ಉಸಿರು

ಗೆಳೆಯರೇ, ಇವತ್ತು ಕೊರಟಗೆರೆಯ ನನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ನನ್ನ ಜಂಬ ಇಳಿಯಿತು. ಕೊಳಾಲದ ಗೌರಮ್ಮನವರ ಯಜಮಾನರು ನಾಟಕಗಳಲ್ಲಿ ಹಾಡುತ್ತಿದ್ದವರು, ತೀರಿಕೊಂಡು ವರ್ಷವಾಯಿತು. ಅವರು ಹಾಡಿದ್ದ ಒಂದೇ ಒಂದು ಹಳೆಯ ಗ್ರಾಮಾಫೋನ್ ಪ್ಲೇಟಿಗಾಗಿ ವಾರವೆಲ್ಲ ಕೂತು ಆಂಪ್ಲಿಫೈಯರ್ ಕಟ್ಟಿದ್ದೆ. ಪುಸ್ತಕದಲ್ಲಿ ಹೊಸ ಪ್ಲೇಟುಗಳಿಗೆ ಕೊಟ್ಟಿದ್ದ ಲೆಕ್ಕದಂತೆಯೇ ಕೀಚಲು ಸದ್ದನ್ನು ತಗ್ಗಿಸುವ ಕಂಡೆನ್ಸರ್ ಹಾಕಿ, ಪ್ಲೇಟಿನ ಚರಚರವನ್ನೆಲ್ಲ ಅಡಗಿಸಿದ್ದೆ.

ಗೌರಮ್ಮ ಅಂಗಡಿಗೆ ಬಂದು ಹಾಡನ್ನು ಪೂರ್ತಿ ಕೇಳಿ, "ಪದ ಚೆನ್ನಾಗೈತೆ ಕಣಪ್ಪ. ಹಾಡಕ್ಕೆ ಮುಂಚೆ ಉಸಿರು ಎಳ್ಕಂತಿದ್ರು, ಅದೆಲ್ಲೋಯ್ತು?" ಎಂದರು.

"ಅಂಥದ್ದೇನೂ ಪ್ಲೇಟಲ್ಲಿ ಇಲ್ಲ ಕಣಮ್ಮ," ಎಂದು ರೇಗಿದೆ.

"ಐತೆ. ಕೀ ಕೊಡೋ ಪೆಟ್ಟಿಗೇಲಿ ದಿನಾ ಕೇಳ್ತಿದ್ದೆ. ಅದು ಕೆಟ್ಟೋಯ್ತು ಅಂತ್ಲೇ ನಿನ್ತಾವ ಬಂದಿದ್ದು."

ಅವರ ಬಾಯಿ ಮುಚ್ಚಿಸೋಣವೆಂದು ಕಂಡೆನ್ಸರನ್ನು ಕಿತ್ತು ಪ್ಲೇಟನ್ನು ಮತ್ತೆ ಹಾಕಿದೆ. ಒಗ್ಗರಣೆ ಸಿಡಿದಂತೆ ಚರಚರ ಎದ್ದಿತು. ಅದರ ನಡುವೆ, ಹಾಡಿಗೆ ಮುಂಚೆ, ಸಣ್ಣಗೆ ಒಂದು ಉಸಿರು.

ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಇಂಗೇ ಇರ್ಲಿ ಬುಡು," ಎಂದರು.

ಅಂಗಡಿಯ ಬೋರ್ಡಿನಲ್ಲಿ 'ಶುದ್ಧ ಧ್ವನಿಗೆ ನಮ್ಮಲ್ಲಿಗೇ ಬನ್ನಿ' ಎಂದು ಬರೆಸಿದ್ದೇನೆ. ಸಂಜೆ ಬಾಗಿಲು ಹಾಕುವಾಗ ತಲೆಯೆತ್ತಿ ಅದನ್ನು ನೋಡಲಾಗಲಿಲ್ಲ.