ಗಾಜಿನೊಳಗಿನ ಹೆಬ್ಬೆರಳು

“ಇದನ್ನ ಯಾರ ಕಣ್ಣಿಗೂ ಬೀಳಿಸಬೇಡ ಕಣಮ್ಮ,” ಎಂದು ಮೇಸ್ತ್ರಿ ಕೇಳಿಕೊಂಡಿದ್ದರು. “ಇಲ್ಲ ಮೇಸ್ತ್ರಿ, ಯಾರಿಗೂ ತೋರಿಸಲ್ಲ,” ಎಂದು ಗಾಜಕ್ಕ ಮಾತು ಕೊಟ್ಟಿದ್ದರು. ಅದಾಗಿ ವರ್ಷಗಳೇ ಕಳೆದಿವೆ. ಮೇಸ್ತ್ರಿ ಈಗಿಲ್ಲ. ಅವರು ಬಚ್ಚಿಡಲು ಹೇಳಿದ್ದು ಬೆಂಕಿಪೊಟ್ಟಣದಷ್ಟು ಅಗಲದ ಒಂದು ಗಾಜಿನ ಬಿಲ್ಲೆ. ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ, ಕಪ್ಪು ಬಟ್ಟೆಯ ಹಿಂದೆ, ಅದು ಇನ್ನೂ ಹಸಿರಾಗಿ ಉರಿಯುತ್ತಿದೆ.

ಬೆಳಕು ಹರಿಯುವ ಹೊತ್ತಿಗೆ ಗಾಜಕ್ಕ ಬಾಗಿಲು ತೆರೆಯುತ್ತಾರೆ. ಒಳಗೆ ಮೊದಲು ಕಾಣುವುದು ಕೈಗಳು. ಗಾಳಿ ನುಗ್ಗದ ದೊಡ್ಡ ಪೆಟ್ಟಿಗೆಯೊಂದಕ್ಕೆ ಜೋಡಿಸಿದ ಕಪ್ಪು ರಬ್ಬರ್ ಗ್ಲೌಸುಗಳು ಒಳಗಿನ ಅನಿಲದ ಒತ್ತಡಕ್ಕೆ ಉಬ್ಬಿ, ಬೆರಳು ಬಿಡಿಸಿಕೊಂಡು, ಮೊಣಕೈಯುದ್ದ ಹೊರಗೆ ಚಾಚಿಕೊಂಡಿರುತ್ತವೆ. ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯದೆ ಇರುವುದಿಲ್ಲ. ಗಾಜಕ್ಕ ಮಾತ್ರ, “ಪಾಪ, ಯಾರಾದ್ರೂ ಕೈ ಕೊಡ್ಲಿ ಅಂತ ಹೀಗೇ ನಿಂತಿರ್ತಾವೆ,” ಎನ್ನುತ್ತ ತಮ್ಮ ಕೈ ತೂರಿಸಿ ಅವನ್ನು ಒಳಕ್ಕೆ ತಳ್ಳುತ್ತಾರೆ.

ಇವರ ಕೆಲಸ ಗಾಜಿನ ಮೇಲೆ ಪೊರೆ ಕೂರಿಸುವುದು; ಗಾಜಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ಗಾಜನ್ನು ಸೋಪಿನ ನೀರಲ್ಲಿ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು ಉಕ್ಕಿನ ಕೊಳಗದೊಳಗೆ ತಲೆಕೆಳಗಾಗಿ ನೇತುಹಾಕುತ್ತಾರೆ. ಕೊಳಗದ ಗಾಳಿಯನ್ನೆಲ್ಲ ಪಂಪು ಎಳೆದುಕೊಳ್ಳುತ್ತದೆ. ಕೆಳಗೆ ಪುಟ್ಟ ಬಟ್ಟಲಲ್ಲಿ ಚಿಟಿಕೆಯಷ್ಟು ಇಂಗಾಲದ ಸಂಯುಕ್ತದ ಪುಡಿ. ಅದು ಕಾದು, ಆವಿಯಾಗಿ ಮೇಲೇರಿ, ಗಾಜಿಗೆ ಅಂಟಿ ಕೂರುತ್ತದೆ. ಕೂದಲೆಳೆಯನ್ನು ಐನೂರು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು ಪೊರೆ. ಅದಕ್ಕೆ ಕರೆಂಟು ಕೊಟ್ಟರೆ ಬೆಳಗುತ್ತದೆ. ಮೊಬೈಲಿನ ಪರದೆಗಳೂ ಇದೇ ಜಾತಿಯವು.

“ಆವಿ ಏಳೋದು ಕಣ್ಣಿಗೆ ಕಾಣಲ್ಲ. ಮೀಟರಿನ ಮುಳ್ಳು ಅಲ್ಲಾಡುತ್ತೆ, ಅಷ್ಟೇ. ಒಳಗೆ ಯಾರೋ ಬಂದು ಕೂತ್ರು ಅಂದ್ಕೋಬೇಕು,” ಎನ್ನುತ್ತಾರೆ.

ಗಂಡ ತೀರಿಕೊಂಡ ಮೇಲೆ, ಇಬ್ಬರು ಮಕ್ಕಳನ್ನು ತಾಯಿಯ ಮಡಿಲಿಗೆ ಹಾಕಿ, ಬಾಟಲಿ ತೊಳೆಯಲು ಬಂದವರು ಇವರು. ಯಂತ್ರ ನಡೆಸುತ್ತಿದ್ದ ಹಿರಿಯರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕೆಲಸ ಕಲಿಸಿದ್ದು ಅವರೇ. ಈ ಕೆಲಸಕ್ಕೆ ಬರುವವರು ಪೌಡರ್ ಹಚ್ಚುವಂತಿಲ್ಲ, ಎಣ್ಣೆ ಬಳಿಯುವಂತಿಲ್ಲ, ಸೆಂಟಿನ ಮಾತೇ ಇಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಇವರ ಕುತ್ತಿಗೆಗೆ ಮೂಗಿಟ್ಟು, “ಅಮ್ಮಾ, ನಿನ್ನ ಮೈಗೆ ವಾಸನೆನೇ ಇಲ್ಲ,” ಎಂದು ಅತ್ತಿದ್ದಳಂತೆ. ಕತ್ತಲಲ್ಲಿ ಪಕ್ಕದಲ್ಲಿರುವುದು ಅಮ್ಮನೋ ಅಲ್ಲವೋ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನದ ಮೇಲೆ ಕತ್ತಲೆ ಕೋಣೆ. ಮಾಡಿದ ಬಿಲ್ಲೆಗಳನ್ನೆಲ್ಲ ಇಲ್ಲಿ ಕಪಾಟುಗಳಲ್ಲಿ ಹೊತ್ತಿಸಿ ಇಟ್ಟಿರುತ್ತಾರೆ, ಸಾಯುವವರೆಗೆ. ತೇವದ ಒಂದು ಹನಿ, ಧೂಳಿನ ಒಂದು ಕಣ ಒಳಗೆ ಉಳಿದಿದ್ದರೂ ಅಲ್ಲಿಂದ ಕಪ್ಪು ಚುಕ್ಕೆ ಹುಟ್ಟಿ ಬೆಳೆಯುತ್ತದೆ. ಗಾಜಕ್ಕ ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಕಪ್ಪು ಎಷ್ಟು ಹರಡಿತೆಂದು ನೋಡಿ, ಫೋಟೋ ತೆಗೆಯುತ್ತಾರೆ. ಸದ್ದಿಲ್ಲದ ಕೋಣೆಯಲ್ಲಿ ನೂರಾರು ಹಸಿರು ಚೌಕಗಳು. ನಾವು ನೋಡುತ್ತಿರುವಾಗಲೇ ಒಂದು ಆರುತ್ತದೆ. “ಹೋಯ್ತು,” ಎಂದು ಮೆಲ್ಲಗೆ ಹೇಳಿ ಅವರು ಮುಂದಿನದಕ್ಕೆ ಹೋಗುತ್ತಾರೆ.

ಕೆಳಗಿನ ಮೂಲೆಯಲ್ಲಿದೆ ಕಪ್ಪು ಬಟ್ಟೆ. ಅದನ್ನು ಸರಿಸಲು ಅವರು ಒಪ್ಪುವುದಿಲ್ಲ. “ಹೇಳೋದು ಬೇರೆ, ತೋರ್ಸೋದು ಬೇರೆ,” ಎಂದು ನಕ್ಕು, ಅದರ ಕಥೆ ಹೇಳುತ್ತಾರೆ.

ನಿವೃತ್ತಿಗೆ ಸ್ವಲ್ಪ ಮೊದಲು ಮೇಸ್ತ್ರಿಯ ಕೈ ನಡುಗಲು ಶುರುವಾಗಿತ್ತು. ಹರಿದ ಗ್ಲೌಸು ಗಮನಕ್ಕೆ ಬರದೆ, ತೊಳೆದಿಟ್ಟ ಗಾಜಿನ ಮೇಲೆ ಹೆಬ್ಬೆರಳು ಊರಿಬಿಟ್ಟರು. ಗೊತ್ತಾಗುವಷ್ಟರಲ್ಲಿ ಪೊರೆ ಕೂತು, ತೇವ ತಾಗದಂತೆ ಮೇಲೆ ಹಾಕುವ ಮುಚ್ಚಳವೂ ಅಂಟಿ ಆಗಿತ್ತು. ಜೀವಮಾನವಿಡೀ ಮಾಡಿದ ಬಿಲ್ಲೆಗಳಲ್ಲಿ ಅವರು ಬರಿಗೈ ತಾಗಿಸಿದ್ದು ಅದೊಂದಕ್ಕೇ. ಎಸೆಯಲು ಮನಸ್ಸಾಗಲಿಲ್ಲ. ಉರಿದಷ್ಟು ಕಾಲ ಉರಿಯಲಿ, ಆದರೆ ತನ್ನ ಕೈ ಸೋತದ್ದನ್ನು ಯಾರೂ ನೋಡಬಾರದು ಎಂದರು.

“ಆಗ ಏನೂ ಕಾಣ್ತಿರಲಿಲ್ಲ. ಚೆನ್ನಾಗೇ ಬೆಳಗ್ತಿತ್ತು. ಅವರು ತೀರ್ಕೊಂಡ ಮೇಲೆ ಬರೋಕೆ ಶುರುವಾಯ್ತು,” ಎನ್ನುವಾಗ ಗಾಜಕ್ಕನ ದನಿ ತಗ್ಗುತ್ತದೆ. “ಮೊದಲು ಒಂದು ಗೆರೆ. ಆಮೇಲೆ ಸುತ್ತು. ಬೆರಳಿನ ಜಿಡ್ಡು ಇದ್ದ ಕಡೆಯೆಲ್ಲ ಪೊರೆ ಸಾಯ್ತಾ ಬಂತು. ಕಾರಣ ನಂಗೊತ್ತು. ಆದ್ರೂ ಬಟ್ಟೆ ಎತ್ತಿದಾಗೆಲ್ಲ, ಒಳಗಡೆಯಿಂದ ಒತ್ತಿ ಹಿಡ್ಕೊಂಡಿದಾರೆ ಅನ್ಸುತ್ತೆ. ಹೋದ ವಾರಕ್ಕಿಂತ ಈ ವಾರ ಜೋರಾಗಿ.”

ಈಗ ಗುರುತು ಪೂರ್ತಿ ಮೂಡಿದೆ. ಆದರೆ ಅಂಚುಗಳಿಂದಲೂ ಕಪ್ಪು ಒಳಕ್ಕೆ ಬರುತ್ತಿದೆ. ಇನ್ನು ಕೆಲವೇ ವಾರಗಳಲ್ಲಿ ಅದು ಬೆರಳನ್ನು ನುಂಗಿ, ಬಿಲ್ಲೆ ಆರಿಹೋಗುತ್ತದೆ. ಇದು ಗಾಜಕ್ಕನೊಬ್ಬರ ಗುಟ್ಟಾಗಿಯೇ ಮುಗಿಯುತ್ತಿತ್ತು, ಮೇಸ್ತ್ರಿಯ ಹೆಂಡತಿ ಹಿಂದಿನ ತಿಂಗಳು ಹುಡುಕಿಕೊಂಡು ಬರದಿದ್ದರೆ. ಗಂಡ ಮುಟ್ಟಿದ್ದು ಏನಾದರೂ ಇಲ್ಲಿ ಉಳಿದಿದೆಯೇ ಎಂದು ಅವರು ಕೇಳಿದ್ದರು. ಮನೆಯಲ್ಲಿ ಏನೂ ಉಳಿದಿಲ್ಲ. ಲ್ಯಾಬಿನ ಚಾಳಿ ಮನೆಗೂ ಬಂದು, ಮೇಸ್ತ್ರಿ ಲೋಟ, ಕನ್ನಡಿ, ಬಾಗಿಲ ಹಿಡಿ ಎಲ್ಲವನ್ನೂ ಮುಟ್ಟಿದ ಮರುಕ್ಷಣ ಒರೆಸುತ್ತಿದ್ದರು. ಗಾಜಕ್ಕ ಅಂದು “ಇಲ್ಲ ಅಮ್ಮ” ಎಂದು ಕಳಿಸಿದ್ದರು.

“ಇಲ್ಲ ಅಂದಾಗಿನಿಂದ ಊಟ ಸೇರ್ತಿಲ್ಲ,” ಎನ್ನುತ್ತಾರೆ. “ಮೇಸ್ತ್ರಿಗೆ ನಾಚಿಕೆ, ಅಮ್ಮನಿಗೆ ಅವರ ಗುರುತಿನ ಹಸಿವು. ನಾನ್ಯಾರ ಕಡೆ ನಿಲ್ಲಲಿ? ಕೊನೆಗೆ ನಾನೇ ಫೋನ್ ಮಾಡಿ, ಬನ್ನಿ ಅಂದೆ.”

ಸಂಜೆ ಆ ಹಿರಿಯ ಹೆಂಗಸು ಬರುತ್ತಾರೆ. ಗಾಜಕ್ಕ ಅವರ ತೋಳು ಹಿಡಿದು ಕತ್ತಲೆ ಕೋಣೆಗೆ ಕರೆದೊಯ್ಯುತ್ತಾರೆ. ಬಾಗಿಲ ಬಳಿ ನಿಂತವರಿಗೆ ಗಾಜು ಕಾಣುವುದಿಲ್ಲ. ಬಟ್ಟೆ ಜಾರಿದ್ದು ಕೇಳುತ್ತದೆ. ಸುಕ್ಕುಗಟ್ಟಿದ ಮುಖದ ಮೇಲೆ ಹಸಿರು ಬೆಳಕು ಬೀಳುತ್ತದೆ.

ಆಕೆ ಇನ್ನಷ್ಟು ಹತ್ತಿರಕ್ಕೆ ಬಾಗುತ್ತಾರೆ.

“ಎಡಗೈದು,” ಎನ್ನುತ್ತಾರೆ ಆಕೆ. “ಅಡ್ಡ ಗಾಯ ನೋಡು. ಮದುವೆಯಾದ ಹೊಸದರಲ್ಲಿ ನಂಗೆ ತರಕಾರಿ ಹೆಚ್ಚಿಕೊಡ್ತೀನಿ ಅಂತ ಹೋಗಿ ಮಾಡ್ಕೊಂಡಿದ್ದು.” ಆಮೇಲೆ ಸಣ್ಣಗೆ ನಗುತ್ತಾರೆ. “ಅಂತೂ ಒಂದನ್ನ ಒರೆಸೋದು ಮರೆತ್ರು ನೋಡಮ್ಮ.”

ಗಾಜಕ್ಕ ಬಟ್ಟೆಯನ್ನು ಮಡಚಿ ಪಕ್ಕಕ್ಕಿಡುತ್ತಾರೆ. ಮೇಸ್ತ್ರಿಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಳ್ಳಲಿಲ್ಲ.