ರಾಜಾನ ಕೊರಳಪಟ್ಟಿ

"ಹಿಂಗ ಬರೇ ಕುತ್ತಿಗಿ ಬಿಟ್ಟು ಒಯ್ಯಬ್ಯಾಡ್ರೀ ಅಕ್ಕಾರ, ಚಿರತಿ ಮೊದಲ ಅಲ್ಲೇ ಬಾಯಿ ಹಾಕತೈತಿ," ಎಂದು ಆ ಅಜ್ಜಿ ನನಗೂ ನನ್ನ ನಾಯಿ ಜಿಮ್ಮಿಗೂ ಅಡ್ಡ ನಿಂತರು. ಭಾಂಡುಪ್ ಗುಡ್ಡದ ಬುಡದಲ್ಲಿ ಕೊನೆಯ ಮನೆ ಅವರದು. ಮರಾಠಿಯೇ ಹೆಚ್ಚಿರುವ ಆ ಕಡೆ ಜಿಮ್ಮಿಯನ್ನು ನಾನು ಕನ್ನಡದಲ್ಲಿ ಗದರಿದ್ದು ಕೇಳಿಸಿರಬೇಕು.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ನಾಯಿ ರಾಜಾನ ಕೊರಳಿನಿಂದ ಚರ್ಮದ ಪಟ್ಟಿ ಬಿಚ್ಚಿ ಜಿಮ್ಮಿಗೆ ಕಟ್ಟಿಬಿಟ್ಟರು. ಸುತ್ತಲೂ ಹೊರಮುಖವಾಗಿ ಮೊಳೆಗಳು. ಅವರ ಬಾಗಲಕೋಟೆ ಕಡೆ ಕುರಿ ಕಾಯುವ ನಾಯಿಗೆ ತೋಳದ ಭಯಕ್ಕೆ ಕಟ್ಟುತ್ತಾರಂತೆ.

"ಮತ್ತೆ ರಾಜಾನಿಗೆ?" ಎಂದೆ.

"ನೀವು ಹೊಳ್ಳಿ ಬರೂತನಕ ನಾ ಅದೀನಲ್ರೀ."

ಮೇಲಿನಿಂದ ಕೆರೆ ಕಾಣುತ್ತದೆಂದೇ ಹೊರಟವಳು ನಾನು. ಆದರೆ ಹೆಜ್ಜೆ ಹೆಜ್ಜೆಗೂ ರಾಜಾನ ಬೋಳು ಕೊರಳೇ ಕಣ್ಣಿಗೆ ಕಟ್ಟುತ್ತಿತ್ತು. ಕೆಳಗೆಲ್ಲೋ ನಾಯಿ ಬೊಗಳಿದ್ದೇ ತಡ, ಅರ್ಧ ದಾರಿಯಿಂದಲೇ ಜಿಮ್ಮಿಯನ್ನು ಎಳೆದುಕೊಂಡು ಇಳಿದೆ. ಅಜ್ಜಿ ಪಕ್ಕದಲ್ಲಿ ಕೋಲಿಟ್ಟುಕೊಂಡು, ರಾಜಾನ ಕೊರಳನ್ನು ಎರಡೂ ಕೈಯಿಂದ ಬಳಸಿ ಹೊಸ್ತಿಲಲ್ಲೇ ಕೂತಿದ್ದರು.

ಈಗ ಜಿಮ್ಮಿಗೂ ಅಂಥದೇ ಪಟ್ಟಿ ಮಾಡಿಸಿದ್ದೇನೆ. ಆದರೂ ಗುಡ್ಡದ ಮೇಲೆ ಕಾಲು ನಿಲ್ಲುವುದಿಲ್ಲ. ನಾನು ಬರುವ ತನಕ ಕೆಳಗೆ ಯಾರೋ ಹಾಗೇ ಕೂತಿದ್ದಾರೆ ಎನಿಸಿ, ಬೇಗ ಬೇಗ ಇಳಿದುಬಿಡುತ್ತೇನೆ.