ಕೂಲಿಕಾರರ ಅಡ್ಡಾದಲ್ಲಿ ಹಾಕಿಸಿದ ಬೆಂಚುಗಳ ಕುರಿತು

ಓದುವ ಮಹನೀಯರಲ್ಲಿ ಮೊದಲಿಗೆ ವಿನಂತಿಸಿಕೊಳ್ಳುವುದೇನೆಂದರೆ, ಪತ್ರ, ವರದಿ ಮತ್ತು ಸಭಾ ನಡವಳಿಗಳ ಹೊರತು ಬೇರೆ ಯಾವುದನ್ನೂ ಬರೆದ ಅನುಭವ ನನಗಿರುವುದಿಲ್ಲ. ದಾನಿಗಳ ನೆರವಿನಿಂದ ರಾಯಚೂರು ನಗರದಲ್ಲಿ ನಡೆಯುವ ಒಂದು ಸೇವಾ ಸಂಸ್ಥೆಯಲ್ಲಿ ನಾನು ಕಚೇರಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ನನ್ನ ತಾಯಿಯವರು ಅದೇ ನಗರದ ಕೂಲಿಕಾರರ ಅಡ್ಡಾದಲ್ಲಿ ಪ್ರತಿದಿನ ಬೆಳಿಗ್ಗೆ ಕೆಲಸಕ್ಕಾಗಿ ನಿಲ್ಲುತ್ತಿದ್ದರು. ಈ ಎರಡು ಸಂಗತಿಗಳು ಬಹಳ ಕಾಲ ಬೇರೆ ಬೇರೆಯಾಗಿಯೇ ಇದ್ದವು. ಅವು ಒಂದೆಡೆ ಸೇರಿದ ಬಗೆಯನ್ನು ಕೆಳಗೆ ಬರೆದಿದ್ದೇನೆ. ಯಾರ ಹೆಸರನ್ನೂ ನಮೂದಿಸಿಲ್ಲ. ತಪ್ಪಿದ್ದಲ್ಲಿ ಮನ್ನಿಸಬೇಕು.

ಅಡ್ಡಾ ಎಂದರೆ ಮೂರು ರಸ್ತೆ ಕೂಡುವ ಒಂದು ಜಾಗ, ಅಷ್ಟೇ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಜನ ಸೇರುತ್ತಾರೆ. ಹೆಚ್ಚಿನವರು ದೇವದುರ್ಗದ ಕಡೆಯ ಹಳ್ಳಿಗಳನ್ನು ಬಿಟ್ಟು ಬಂದು, ನಗರದ ಅಂಚಿನಲ್ಲಿ ತಗಡಿನ ಮನೆ ಹಾಕಿಕೊಂಡವರು. ನಮ್ಮ ಮನೆಯವರೂ ಹಾಗೆಯೇ ಬಂದವರು. ಆಗ ನಾನು ತಾಯಿಯವರ ಸೊಂಟದ ಮೇಲಿದ್ದೆನಂತೆ. ಇತ್ತೀಚೆಗೆ ಬಿಹಾರದ ಹುಡುಗರೂ ಒಂದು ಬದಿಗೆ ನಿಲ್ಲುತ್ತಾರೆ. ಗುತ್ತೇದಾರರು ಟೆಂಪೋದಲ್ಲಿ ಬರುತ್ತಾರೆ. ಅವರು ಕೆಳಗಿಳಿಯುವುದಿಲ್ಲ. ಗಾಡಿಯಲ್ಲಿ ಕುಳಿತೇ ನೋಡಿ, ಬೆರಳು ತೋರಿಸಿ ಕರೆಯುತ್ತಾರೆ. ಕರೆದವರು ಹತ್ತುತ್ತಾರೆ. ಬಿಸಿಲು ಏರುವ ಹೊತ್ತಿಗೆ ಉಳಿದವರು ಮನೆಗೆ ಹೋಗುತ್ತಾರೆ.

ತಾಯಿಯವರದು ಗೋಡೆ ಕಟ್ಟುವ ಗೌಂಡಿಗಳಿಗೆ ಕಲಸಿದ ಸಿಮೆಂಟಿನ ಮಾಲು ಹೊರುವ ಕೆಲಸ. ಸೀರೆಯ ಮೇಲೆ ತೀರಿಕೊಂಡ ನನ್ನ ತಂದೆಯವರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ವಸ್ತ್ರ ಸುತ್ತಿ ಹೊರಡುತ್ತಿದ್ದರು. ಹೊರುವ ಹೆಂಗಸರನ್ನು ಜೋಡಿಯಾಗಿ ಕರೆಯುವ ರೂಢಿ ಇದೆ. ತಾಯಿಯವರ ಜೋಡಿಯಾಗಿದ್ದವರು ದೇವದುರ್ಗ ತಾಲ್ಲೂಕಿನವರೇ, ವಯಸ್ಸಿನಲ್ಲಿ ಬಹಳ ಚಿಕ್ಕವರು, ಮಾತಿನಲ್ಲಿ ಬಹಳ ಜೋರು.

ಮಗಳಿಗೆ ನೌಕರಿ ಇದ್ದರೂ ತಾಯಿ ಯಾಕೆ ನಿಲ್ಲಬೇಕು ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ನಾನೂ ಕೇಳಿದ್ದೆ.

"ನಿನ್ನ ನೌಕರಿ ಯಾರರ ರೊಕ್ಕ ಕೊಟ್ಟರ ಅದ, ಕೊಡದಿದ್ರ ಇಲ್ಲ. ಹೋದ ವರ್ಷ ಮಳೆಗಾಲದಾಗ ಯೋಜನಾ ಮುಗೀತು ಅಂತ ಮನ್ಯಾಗ ಕುಂತಿದ್ದಿಲ್ಲೇನು? ಆವಾಗ ಯಾರು ಒಲಿ ಹಚ್ಚಿದ್ರು?" ಎಂದರು.

ನಮ್ಮ ಸಂಸ್ಥೆಯ ಮುಖ್ಯ ದಾನಿಗಳು ನಗರದ ಒಬ್ಬ ಹಿರಿಯ ವ್ಯಾಪಾರಸ್ಥರು. ಒಳ್ಳೆಯವರು. ಬೇಸಿಗೆಯ ಒಂದು ಬೆಳಿಗ್ಗೆ ಕಾರಿನಲ್ಲಿ ಹೋಗುವಾಗ ಅಡ್ಡಾದ ಜನ ಬಿಸಿಲಿನಲ್ಲಿ ನಿಂತಿದ್ದನ್ನು ಕಂಡು ಅವರಿಗೆ ಸಂಕಟವಾಯಿತು. ತೀರಿಕೊಂಡ ತಮ್ಮ ಪತ್ನಿಯವರ ನೆನಪಿಗಾಗಿ ಅಲ್ಲಿ ನೆರಳು ಮಾಡಿಸಬೇಕೆಂದು ಕಚೇರಿಗೆ ತಿಳಿಸಿದರು. ತಗಡಿನ ಚಾವಣಿ, ಅದರ ಕೆಳಗೆ ರಸ್ತೆಗೆ ಮುಖ ಮಾಡಿದ ಕಲ್ಲಿನ ಬೆಂಚುಗಳು, ಗೋಡೆಯಲ್ಲಿ ಪತ್ನಿಯವರ ಹೆಸರಿನ ಫಲಕ. ಕೆಲಸ ಅಚ್ಚುಕಟ್ಟಾಗಿ ಆಯಿತು. ಉದ್ಘಾಟನೆಗೆ ಬಂದವರೆಲ್ಲ ಪೇಡೆ ತಿಂದರು.

ತದನಂತರ ಆ ಬೆಂಚುಗಳ ಮೇಲೆ ಯಾರೂ ಕೂರಲಿಲ್ಲ.

ಮಧ್ಯಾಹ್ನ ನಾಯಿ ಮಲಗುತ್ತಿತ್ತು. ಬೆಳಿಗ್ಗೆ ಜನ ಚಾವಣಿಯನ್ನು ಬಿಟ್ಟು ಮುಂದಕ್ಕೆ ಬಂದು, ಮೊದಲಿನಂತೆಯೇ ಬಿಸಿಲಿಗೆ ನಿಲ್ಲುತ್ತಿದ್ದರು. ಸಂಸ್ಥೆಯ ಕಾರ್ಯದರ್ಶಿಗಳು ಕಾರಣ ತಿಳಿದು ಬರಲು ನನ್ನನ್ನು ಕಳುಹಿಸಿದರು. ನಾನು ಹೋಗಿ ಕೇಳಿದಾಗ ತಾಯಿಯವರ ಜೋಡಿ ನಕ್ಕರು.

"ಕುಂತಲ್ಲೇ ಊಟ ಸಿಗೋದಿದ್ರ ದೇವದುರ್ಗದಾಗ ಕುಂದ್ರತಿದ್ವಿ ಅಲ್ಲೇನಬೇ ಅಕ್ಕಾ? ಇಲ್ಲಿತನಕ ಬಂದು ಕುಂದ್ರಬೇಕೇನು?"

ಪಕ್ಕದ ಮುದುಕರೊಬ್ಬರು, "ನಿಮ್ಮ ಆಫೀಸಿನ್ಯಾಗ ಕುರ್ಚಿ ಕಡಿಮಿ ಬಿದ್ರ ಇವನ್ನ ಒಯ್ಯಿರಿ," ಎಂದರು. ಸುತ್ತಲಿದ್ದವರು ಇನ್ನಷ್ಟು ನಕ್ಕರು. ತಾಯಿಯವರು ನಗಲಿಲ್ಲ. ನನ್ನನ್ನು ನೋಡಲೂ ಇಲ್ಲ; ರಸ್ತೆಯ ಕಡೆಗೇ ನೋಡುತ್ತಿದ್ದರು.

ಆ ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಅವರೇ ಹೇಳಿದರು.

"ಕುಂತವರನ್ನ ಯಾರೂ ಕರೆಯಂಗಿಲ್ಲಬೇ. ನಿಂತವರನ್ನ ನೋಡ್ತಾರ. ಕುಂತ್ರ, ಇಕಿ ಕೈಲಿ ಆಗಂಗಿಲ್ಲ, ಮುದುಕಿ ಆಗ್ಯಾಳ ಅಂತಾರ. ಒಮ್ಮೆ ಅಂದ್ರ ಮುಗೀತು. ಒಬ್ಬ ಗುತ್ತೇದಾರ ಇನ್ನೊಬ್ಬನಿಗೆ ಹೇಳ್ತಾನ."

"ಮತ್ತ ನಿನ್ನ ಮೊಣಕಾಲು ನೋಯಂಗಿಲ್ಲೇನು?"

"ನೋಯ್ತದ. ನಿಂತಾಗ ನೋಯ್ತದಂತ ಯಾರಿಗಿ ಕಾಣ್ತದ?"

ಈ ಸಂಗತಿಯನ್ನು ನಾನು ಕಾರ್ಯದರ್ಶಿಗಳ ಗಮನಕ್ಕೆ ತಂದೆನು. ಅವರು ತಲೆಯಾಡಿಸಿ, ಜನರಿಗೆ ರೂಢಿಯಾಗಲು ಸಮಯ ಬೇಕಾಗುತ್ತದೆ ಎಂದು ಅಭಿಪ್ರಾಯಪಟ್ಟರು.

ಕೆಲವು ದಿನಗಳ ನಂತರ ದಾನಿಗಳು ಮುನ್ಸೂಚನೆ ನೀಡದೆ ಬೆಳಿಗ್ಗೆಯೇ ಅಡ್ಡಾಕ್ಕೆ ಬಂದರು. ಕಾರ್ಯದರ್ಶಿಗಳು ಅವಸರದಲ್ಲಿ ನನಗೂ ಫೋನು ಮಾಡಿ ಕರೆಸಿಕೊಂಡರು. ಬೆಂಚುಗಳು ಖಾಲಿ ಇದ್ದವು. ಹಿರಿಯರು ಸಿಟ್ಟು ಮಾಡಿಕೊಳ್ಳಲಿಲ್ಲ. ಜನರಿಗೆ ಸಂಕೋಚವಿರಬಹುದೆಂದು ತಿಳಿದು, ತಾವೇ ಹೋಗಿ ಒಂದು ಬೆಂಚಿನ ಮೇಲೆ ಕುಳಿತರು. ಕುಳಿತು, ಎದುರಿಗೆ ನಿಂತವರಲ್ಲಿ ವಯಸ್ಸಾದಂತೆ ಕಂಡವರನ್ನು ಕೈಸನ್ನೆ ಮಾಡಿ ಕರೆದರು.

"ಬಾ ಯವ್ವಾ, ನನ್ನ ಬಾಜೂಕ ಕುಂದ್ರು. ನನ್ನ ಹೆಂಡ್ತಿ ಇದ್ದಿದ್ರ ನಿನ್ನಷ್ಟೇ ಇರ್ತಿದ್ಲು."

ಹಾಗೆ ಕರೆದದ್ದು ನನ್ನ ತಾಯಿಯವರನ್ನು.

"ಇರ್ಲಿ ಬಿಡ್ರಿ ಸಾವ್ಕಾರ್ರೀ, ನಿಂದ್ರತೀನಿ," ಎಂದು ತಾಯಿಯವರು ಹೇಳಿದರು.

"ಏ, ಬಾ ಅಂದ್ರ. ನನಗ ಒಬ್ಬನಿಗೇ ಕುಂದ್ರಾಕ ನಾಚಿಕಿ ಬರ್ತದ."

ತೀರಿಕೊಂಡ ಪತ್ನಿಯನ್ನು ನೆನೆದು ಕರೆದ ಹಿರಿಯರಿಗೆ ಎರಡನೆಯ ಸಲ ಇಲ್ಲವೆನ್ನುವುದು ನಮ್ಮ ಕಡೆ ಆಗುವುದಿಲ್ಲ. ತಾಯಿಯವರು ಹೋಗಿ ಬೆಂಚಿನ ತುದಿಯಲ್ಲಿ ಕುಳಿತರು. ಕಾರ್ಯದರ್ಶಿಗಳು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಹಿರಿಯರು ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಿದರು. ಮಗಳೊಬ್ಬಳು ಇದ್ದಾಳೆ, ಓದಿಸಿದ್ದೇನೆ ಎಂದು ತಾಯಿಯವರು ಹೇಳಿದರು. ನಾನು ಫಲಕದ ಪಕ್ಕದಲ್ಲಿಯೇ ನಿಂತಿದ್ದೆ. ಅವರು ನನ್ನ ತಾಯಿಯೆಂಬ ವಿಷಯ ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಟೆಂಪೋ ಬಂದಿತು. ಸ್ಲ್ಯಾಬ್ ಹಾಕುವ ಕೆಲಸವಿತ್ತು. ಹೆಚ್ಚು ಜನ ಬೇಕಾಗಿದ್ದರು. ತಾಯಿಯವರು ಥಟ್ಟನೆ ಏಳಲು ಹೋದರು. ಮೊಣಕಾಲು ಹಿಡಿದುಕೊಂಡಿತು. ಕಂಬವನ್ನು ಹಿಡಿದು, ಒಮ್ಮೆ ನಿಂತು, ಮತ್ತೆ ನೆಟ್ಟಗಾದರು. ಗಾಡಿಯಲ್ಲಿದ್ದ ಗುತ್ತೇದಾರ ಇದನ್ನೆಲ್ಲ ನೋಡಿದನು.

"ನೀ ಕುಂದ್ರು ಯವ್ವಾ, ಆರಾಮ ಕುಂದ್ರು. ಸಾವ್ಕಾರ್ರು ಜಾಗ ಕೊಟ್ಟಾರಲ್ಲ," ಎಂದು ನಕ್ಕು, ಜೋಡಿಯವರಿಗೂ ಬೇರೊಬ್ಬ ಹೆಂಗಸಿಗೂ ಬೆರಳು ತೋರಿಸಿದನು. ಜೋಡಿಯವರು ಹತ್ತಿಕೊಂಡರು. ಗಾಡಿ ಹೊರಡುವವರೆಗೂ ಅವರು ತಾಯಿಯವರ ಕಡೆಗೆ ನೋಡಲಿಲ್ಲ. ಅವರದು ತಪ್ಪೆಂದು ನಾನು ಹೇಳಲಾರೆ. ಅವರಿಗೂ ಮನೆ ಇದೆ.

ಮರುದಿನ ತಾಯಿಯವರನ್ನು ಯಾರೂ ಕರೆಯಲಿಲ್ಲ. ಅದರ ಮರುದಿನವೂ ಇಲ್ಲ. ಅವರು ಬೆಳಿಗ್ಗೆ ಹೋಗಿ, ಬಿಸಿಲೇರಿದ ಮೇಲೆ ಬುತ್ತಿಯನ್ನು ಬಿಚ್ಚದೆಯೇ ಮರಳಿ ಬಂದು, ಮನೆಯ ಮುಂದೆ ನೀರು ಹೊಡೆಯುತ್ತಿದ್ದರು. ಬೆಳಿಗ್ಗೆಯೇ ಹೊಡೆದಿದ್ದರೂ ಮತ್ತೆ ಹೊಡೆಯುತ್ತಿದ್ದರು. ಇತ್ತ ಕಚೇರಿಯಲ್ಲಿ, ಸದರಿ ಬೆಂಚುಗಳನ್ನು ಹಿರಿಯ ಕಾರ್ಮಿಕರು ಸದುಪಯೋಗಪಡಿಸಿಕೊಳ್ಳುತ್ತಿದ್ದಾರೆ ಎಂಬ ವಾಕ್ಯವನ್ನು ಕಾರ್ಯದರ್ಶಿಗಳು ಹೇಳಿದಂತೆ ನಾನು ಬೆರಳಚ್ಚು ಮಾಡಿದೆನು. ಜೊತೆಗೆ ತಾಯಿಯವರ ಚಿತ್ರವಿತ್ತು. ಆ ದಿನ ನನಗೆ ಏನು ಅನ್ನಿಸಿತೆಂದು ಬರೆಯಬೇಕೆಂದು ಈಗ ಬಹಳ ಪ್ರಯತ್ನಪಟ್ಟೆ. ಏನೂ ಅನ್ನಿಸಿದ ನೆನಪಿಲ್ಲ. ಪ್ರಿಂಟರಿನಲ್ಲಿ ಶಾಯಿ ಕಡಿಮೆ ಇದ್ದುದು ನೆನಪಿದೆ.

ಒಂದು ಸಂಜೆ ತಾಯಿಯವರು, ನಾಳೆಯಿಂದ ಮಾನ್ವಿಗೆ ಹೋಗುತ್ತೇನೆ ಎಂದರು.

"ಅಲ್ಲಿನೂ ಅಡ್ಡಾ ಅದ. ಕಾಲುವಿ ಕಡೆ ಮನಿ ಭಾಳ ಕಟ್ಟಾಕತ್ತ್ಯಾರ. ಬಸ್ಸಿಗಿ ಹೆಂಗಸರಿಗಿ ಟಿಕೇಟಿಲ್ಲ. ಮೊದಲ್ನೇ ಬಸ್ಸಿಗಿ ಹೋದ್ರ ಆತು."

"ಅಷ್ಟು ದೂರ ಯಾಕ ಯವ್ವಾ?"

"ಅಲ್ಲಿ ನಾ ಕುಂತಿದ್ದು ಯಾರೂ ನೋಡಿಲ್ಲ."

ಮಾನ್ವಿಯಲ್ಲಿ ಅವರನ್ನು ಕರೆದರು. ಮೊದಲ ದಿನವೇ ಕರೆದರು. ಆ ರಾತ್ರಿ ಅವರು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಬಸ್ಸಿನಲ್ಲಿ ಬರುವಾಗ ಕುಳಿತಲ್ಲೇ ನಿದ್ದೆ ಬಂದು ಪಕ್ಕದವರ ಹೆಗಲ ಮೇಲೆ ಒರಗಿದ್ದನ್ನು ಹೇಳಿ, ಬಹಳ ದಿನಗಳ ಮೇಲೆ ನಕ್ಕರು. ಸುಮಾರು ಒಂದು ಮಳೆಗಾಲ ಹೀಗೆಯೇ ಕಳೆಯಿತು.

ತರುವಾಯ, ರಾಯಚೂರಿನ ಕೆಲಸವು ಯಶಸ್ವಿಯಾದ ಪ್ರಯುಕ್ತ ಮಾನ್ವಿಯ ಅಡ್ಡಾದಲ್ಲಿಯೂ ಅದೇ ರೀತಿಯ ನೆರಳು ಮತ್ತು ಬೆಂಚುಗಳನ್ನು ಮಾಡಿಸಲು ದಾನಿಗಳು ಒಪ್ಪಿದರು. ಸ್ಥಳ ನೋಡಲು ಅವರು, ಕಾರ್ಯದರ್ಶಿಗಳು ಮತ್ತು ನಾನು ಹೋಗುವುದೆಂದು ನಿಗದಿಯಾಯಿತು. ಹಿಂದಿನ ಸಂಜೆಯೇ ತಾಯಿಯವರಿಗೆ ತಿಳಿಸಿದೆನು. ನಾಳೆ ಒಂದು ದಿನ ಮನೆಯಲ್ಲಿರು ಎಂದೂ ಕೇಳಿಕೊಂಡೆನು.

"ಒಂದಿನ ಬಿಟ್ರ ಜೋಡಿ ಬಿಡ್ತಾಳ. ಬರ್ರಿ ನೀವು. ನಾ ನಿನಗ ಗೊತ್ತಿಲ್ಲ, ನೀ ನನಗ ಗೊತ್ತಿಲ್ಲ," ಎಂದರು.

ಬೆಳಿಗ್ಗೆ ಅವರು ಬಸ್ಸಿನಲ್ಲಿ ಹೋದರು. ನಾನು ದಾನಿಗಳ ಕಾರಿನಲ್ಲಿ ಹೋದೆನು. ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆಗಳಲ್ಲಿ ನೀರು ನಿಂತಿತ್ತು. ಹಿರಿಯರು ಬೆಳೆಯ ಬಗ್ಗೆ ಮಾತಾಡಿದರು.

ಅಡ್ಡಾದಲ್ಲಿ ತಾಯಿಯವರು ಹೊಸ ಜೋಡಿಯೊಂದಿಗೆ ಸಾಲಿನ ನಡುವೆ ನಿಂತಿದ್ದರು. ಕಾರ್ಯದರ್ಶಿಗಳು ಹೆಜ್ಜೆ ಹಾಕಿ ಜಾಗ ಅಳೆಯತೊಡಗಿದರು. ಹಿರಿಯರು ನನಗೆ, "ಮೇಡಂ, ಈ ಸಲ ನೀವೇ ಕೇಳ್ರಿ, ಇವರಿಗೆ ಏನು ಬೇಕು ಅಂತ," ಎಂದರು. ರಾಯಚೂರಿನಲ್ಲಿ ಹೀಗೆ ಕೇಳಿರಲಿಲ್ಲವೆಂಬುದು ಅವರಿಗೂ ಎಲ್ಲೋ ಹೊಳೆದಿರಬಹುದು.

ನಾನು ಸಾಲಿನ ಮುಂದೆ ನಿಂತು ಕೇಳಿದೆನು. ಎಲ್ಲರೂ ಟೆಂಪೋ ಬರುವ ರಸ್ತೆಯ ಕಡೆಗೇ ನೋಡುತ್ತಿದ್ದರು. ಆಮೇಲೆ ತಾಯಿಯವರು ಮಾತಾಡಿದರು.

"ಕುಂದ್ರಾಕ ಏನೂ ಬ್ಯಾಡ್ರಿ ಮೇಡಂ. ಕುಂತವರನ್ನ ಕೆಲಸಕ್ಕ ಕರೆಯಂಗಿಲ್ಲ."

ಅವರು ನನಗೆ ಮೇಡಂ ಎಂದರು. ನಾನು ಅವರ ಮುಖ ನೋಡದೆ, "ಮತ್ತೆ ಏನು ಬೇಕ್ರಿ?" ಎಂದೆನು.

"ಪಾಯಖಾನಿ ಕಟ್ಟಸ್ರಿ. ಕತ್ತಲದಾಗ ಊರು ಬಿಟ್ಟು ಬಂದಿರ್ತೀವಿ, ಕಟ್ಟೋ ಮನ್ಯಾಗ ಗೋಡಿನೂ ಇರಂಗಿಲ್ಲ. ದಿನಾ ಪೂರಾ ನೀರು ಕುಡೀದ ಇರ್ತೀವ್ರಿ ಹೆಣ್ಮಕ್ಕಳು."

"ಹೌದ್ರಿ, ಅದೊಂದು ಮಾಡ್ರಿ," ಎಂದು ಅವರ ಜೋಡಿ ದನಿಗೂಡಿಸಿದರು. "ನಮ್ಮ ಗುತ್ತೇದಾರ ಮೂರಂತಸ್ತು ಕಟ್ಟಸ್ತಾನ, ನಮಗ ಒಂದು ಮೂಲಿ ಕಟ್ಟಸಂಗಿಲ್ಲ."

ಹಿರಿಯರು ಹತ್ತಿರ ಬಂದು ತಾಯಿಯವರನ್ನು ಸ್ವಲ್ಪ ಹೊತ್ತು ನೋಡಿದರು.

"ಯವ್ವಾ, ನಿನ್ನ ಎಲ್ಲೋ ನೋಡಿದಂಗ ಅದಲ್ಲ? ರಾಯಚೂರಾಗ..."

ಅಷ್ಟು ಹೊತ್ತಿಗೆ ಗುತ್ತೇದಾರನ ಟೆಂಪೋ ಬಂದು ನಿಂತಿತ್ತು. ಕಿಟಕಿ ಇಳಿಸಿತ್ತು. ನನ್ನ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ನಾನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆ.

"ನಮ್ಮಂಥೋರು ಎಲ್ಲಾ ಕಡಿ ಇರ್ತೀವ್ರಿ ಸಾವ್ಕಾರ್ರೀ," ಎಂದು ತಾಯಿಯವರು ಹೇಳಿದರು.

"ಅದೂ ಖರೆ," ಎಂದು ಅವರು ಸರಿದು ನಿಂತರು.

ಗುತ್ತೇದಾರ ಬೆರಳು ತೋರಿಸಿದನು. ತಾಯಿಯವರೂ ಅವರ ಜೋಡಿಯೂ ಹೋಗಿ ಹತ್ತಿಕೊಂಡರು. ಗಾಡಿ ಹೋಯಿತು.

ಕಾರ್ಯದರ್ಶಿಗಳಿಗೆ ಒಂದು ತೊಡಕು ಕಂಡಿತು. ಅದನ್ನು ಅವರು ಬಹಳ ಮೆಲ್ಲಗೆ ಹೇಳಿದರು: "ಪಾಯಖಾನೆಗೆ ನಿಮ್ಮ ಮನಿ ಅಮ್ಮನವರ ಹೆಸರಿನ ಫಲಕ ಹೆಂಗ್ ಹಾಕೋದು ಸರ್? ಚಂದ ಕಾಣಂಗಿಲ್ಲ. ನೆರಳೇ ಮಾಡೋಣು."

ಹಿರಿಯರು ಹೋಗಿ ಕಾರಿನಲ್ಲಿ ಕುಳಿತರು. ರಾಯಚೂರು ಹತ್ತಿರವಾದಾಗ, "ಕಡೀ ದಿನಗಳಾಗ ನನ್ನ ಹೆಂಡ್ತೀನ್ನ ದವಾಖಾನಿಗೆ ಒಯ್ಯೋವಾಗ ದಾರ್ಯಾಗ ಎಲ್ಲಿ ನಿಲ್ಲಸಬೇಕು ಅನ್ನೋದೇ ದೊಡ್ಡ ಚಿಂತಿ ಆಗಿತ್ತು," ಎಂದು ಕಿಟಕಿಯ ಹೊರಗೆ ನೋಡುತ್ತ ಹೇಳಿದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಫಲಕ ಬ್ಯಾಡ. ಕಟ್ಟಸ್ರಿ. ದಿನಾ ತೊಳೆಯೋರಿಗೆ ಪಗಾರಾನೂ ಅದರಾಗೇ ಇಡ್ರಿ," ಎಂದರು. ಅದರಂತೆ ಆದೇಶವಾಯಿತು. ರಾಯಚೂರಿನ ಬೆಂಚುಗಳ ವಿಷಯವನ್ನು ಯಾರೂ ಎತ್ತಲಿಲ್ಲ. ಅವು ಇದ್ದಲ್ಲಿಯೇ ಇವೆ.

ಆ ಸಂಜೆ ತಾಯಿಯವರು ಬಂದಾಗ ನಾನು ಒಲೆಯ ಮುಂದಿದ್ದೆ.

"ಆ ಸಾವ್ಕಾರ್ರು ಗುರ್ತು ಹಿಡಿದ್ರೇನಬೇ?"

"ಇಲ್ಲ."

"ಛಲೋ ಮನುಷ್ಯಾರ ಪಾಪ," ಎಂದು ಕೈಕಾಲು ತೊಳೆಯಲು ಹೋದರು. ಬಚ್ಚಲಿನಿಂದಲೇ, "ನೀ ಮಾತ್ರ ಆ ಕಡಿ ಮತ್ತ ಬರಬ್ಯಾಡ. ನಿನ್ನ ಮಾರಿ ನನ್ನಂಗೇ ಅದ. ಜೋಡಿ ಕೇಳಿದ್ಲು. ಮೇಡಂ ಮಗಳಿದ್ದಾಕೀನ್ನ ಮಾಲು ಹೊರಾಕ ಯಾರು ಕರೀತಾರ?" ಎಂದರು.

ಮಾನ್ವಿಯ ಕೆಲಸವನ್ನು ಬೇರೆ ಸಿಬ್ಬಂದಿಗೆ ವಹಿಸಬೇಕೆಂದು ವೈಯಕ್ತಿಕ ಕಾರಣ ತೋರಿಸಿ ನಾನು ಕೋರಿದೆನು, ಮಂಜೂರಾಯಿತು. ಆದ್ದರಿಂದ ಅಲ್ಲಿ ಗೋಡೆ ಎದ್ದುದನ್ನು ನಾನು ನೋಡಿಲ್ಲ. ತಾಯಿಯವರು ಹೇಳುವಷ್ಟೇ ಗೊತ್ತು. ನೀರಿನ ಟಾಕಿ ಇಟ್ಟಿದ್ದಾರಂತೆ. ಬೆಳಿಗ್ಗೆ ಹೆಂಗಸರು ಮೊದಲು ಅಲ್ಲಿಗೆ ಹೋಗಿ, ಆಮೇಲೆ ಸಾಲಿಗೆ ಬರುತ್ತಾರಂತೆ.

ಮೊನ್ನೆ ಅವರು ತಡವಾಗಿ ಬಂದರು. ಕರೆದರೇ ಎಂದು ಕೇಳಿದೆನು. ದಿನಾ ಕೇಳುತ್ತೇನೆ.

"ಕರದ್ರು. ಎಲ್ಲಾರ್ನ ಕರೆದು ಮುಗಿದ ಮ್ಯಾಲ ಕರದ್ರು," ಎಂದು ಹೇಳಿ ತಾಯಿಯವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. "ಪಲ್ಲೇಕ ಉಪ್ಪು ಹಾಕೀದಿ ಇಲ್ಲ?"

ಹಾಕಿದ್ದೇನೆ ಎಂದು ಹೇಳಿದೆನು.